ಜಪಾನದ ಹೊಸ್ತಲಾ ದಾಟಿದವರು

ಹೋದ ತಿಂಗಳ ಒಂದ ದಿವಸ ಮುಂಜಾನೆ ಕುಕ್ಕರಿಗೆ ಬ್ಯಾಳಿ ಇಟ್ಟು ಸೀಟಿ ಎಣಸಕೋತ ಕೂತಿದ್ದೆ. ತಂಗಿ ಫೋನ್ ಬಂತು. "ಅಕ್ಕಾ" ಅಂದಾಕಿನ ಅಳ್ಳಿಕ್ಕೆ ಶುರು ಮಾಡಿದ್ಲು. ನನ್ನ ಎದಿ ಧಸಕ್ ಅಂತು. ಅವ್ವಗ ಏನರೆ ಆತೇನು ಅಂತ ಕೇಳಿದ್ರ, "ಅವ್ವ ಆರಾಮ ಇದ್ದಾಳ, ಮಗಳ ಕೆಲಸ ಪಕ್ಕಾ ಆತು, ಜಪಾನಕ್ಕ ಹೋಗ್ತಾಳಂತ" ಅಂದ್ಲು. ಕೆಲಸ ಸಿಕ್ಕಿದ್ದಕ್ಕ ಅಳೋ ಮನಿ ನಮ್ಮದ ಇರಬೇಕು ನೋಡ್ರಿ.

ನಮ್ಮ ಹುಡುಗಿ ನರ್ಸಿಂಗ್ ಕಲತು ಹುಬ್ಬಳ್ಳಿ ದವಾಖಾನಿ ಒಂದರಾಗ ಮೂರು ವರ್ಷ ಕೆಲಸ ಮಾಡ್ಯಾಳ. ರಾತ್ರಿ ಪಾಳಿ ಮುಗಿಸಿ ಬಂದು, ಮೊಬೈಲ್ ಗ್ವಾಡಿಗೆ ಆನಿಸಿಟ್ಟು ಜಪಾನಿ ಭಾಷಾ ಕಲಿತಿದ್ಲು. ನಾವೆಲ್ಲಾ ಚ್ಯಾಷ್ಟಿ ಮಾಡಿದ್ವಿ. ಈಗ ಅಲ್ಲೆ ವಯಸ್ಸಾದವರನ್ನ ನೋಡ್ಕೊಳ್ಳೋ ಆರೈಕಿ ಮನ್ಯಾಗ ಕೆಲಸ ಸಿಕ್ಕದ. ತಂಗಿ ಸಂಕಟ ಬ್ಯಾರೇನ ಅದ. ನಮ್ಮವ್ವಗ ಈಗ 84 ವರ್ಷ, ತಂಗಿ ಮನ್ಯಾಗ ಇರ್ತಾಳ. ಅಕಿಗೆ ಎರಿಯೂದು, ಗುಳಗಿ ಕೊಡೂದು, ಕಾಲಿಗೆ ಎಣ್ಣಿ ಹಚ್ಚೂದು ಎಲ್ಲಾ ಈ ಮೊಮ್ಮಗಳ. "ಮನ್ಯಾಗಿನ ಅಜ್ಜಿನ್ನ ಬಿಟ್ಟು ಯಾರದೋ ಅಜ್ಜಿ ಮೈ ತೊಳಿಲಿಕ್ಕೆ ಸಮುದ್ರ ದಾಟಿ ಹೋಗಬೇಕೇನಕ್ಕಾ?" ಅಂತ ತಂಗಿ ಕೇಳಿದ್ಲು. ನನ್ನ ಕಡೆ ಉತ್ತರ ಇರಲಿಲ್ಲ. ಆಮ್ಯಾಲೆ ಅಕೀನ ಅಂದ್ಲು, "ನೀ ಭಾಳ ಓದ್ತೀಯಲ್ಲ, ಹಿಂದ ಯಾರರೆ ಅಲ್ಲೆ ಹೋಗಿ ಬಾಳೇವು ಮಾಡ್ಯಾರೇನು, ಹೆಂಗ ಮಾಡ್ಯಾರ, ನೋಡಿ ಹೇಳು."

ಹಂಗಂತ ನಾ ಓದಲಿಕ್ಕೆ ಕೂತೆ. ಓದಿದ್ದನ್ನ ತಂಗಿಗೆ ಹೇಳೋ ಹಂಗ ನಿಮಗೂ ಹೇಳ್ತೀನಿ. ಮನ್ಯಾಗ ಹೊರದೇಶಕ್ಕ ಹೊಂಟ ಮಕ್ಕಳು ಇದ್ದವರಿಗೆ ಉಪಯೋಗ ಆದೀತು.

ಮೊದಲನೇ ಮಾತು, ಜಪಾನ ಅಂದ್ರ ಹೊರಗಿನವರನ್ನ ಎರಡು ನೂರು ವರ್ಷಕ್ಕಿಂತ ಜಾಸ್ತಿ ಬಾಗಲಾ ಹಾಕ್ಕೊಂಡು ಹೊರಗ ಇಟ್ಟ ದೇಶ. 1630ರ ದಶಕದಾಗ ಅಲ್ಲಿ ರಾಜ್ಯ ಆಳೋ ಶೋಗನ್‌ರು, ನಮ್ಮವರು ಯಾರೂ ಹೊರಗ ಹೋಗಬಾರದು, ಹೋಗಿ ತಿರುಗಿ ಬಂದ್ರ ಮರಣದಂಡನೆ ಅಂತ ಹುಕುಂ ಮಾಡಿದ್ರು. ಹೊರಗಿನವರೊಳಗ ಚೀನಾದವರಿಗೆ ಮತ್ತ ಡಚ್ ವ್ಯಾಪಾರಸ್ಥರಿಗೆ ಅಷ್ಟ ನಾಗಾಸಾಕಿಯೊಳಗ ಜಾಗಾ ಇತ್ತು. 1641ರಿಂದ ಡಚ್ಚರನ್ನ ದೆಜಿಮಾ ಅನ್ನೋ ಬೀಸಣಿಗಿ ಆಕಾರದ ಸಣ್ಣ ನಡುಗಡ್ಡಿಯೊಳಗ ಇಟ್ಟಿದ್ರು. ಅದು ಮನುಷ್ಯಾರ ಮಣ್ಣು ಹಾಕಿ ಮಾಡಿದ್ದು. ದಂಡಿಗೆ ಒಂದ ಸೇತುವೆ, ಅದಕ್ಕೊಂದು ಪಹರೆ. ಒಪ್ಪಿಗಿ ಇಲ್ಲದ ಊರೊಳಗ ಹೆಜ್ಜಿ ಇಡೂ ಹಂಗಿಲ್ಲ. ಹೊರದೇಶದ ಹೆಣ್ಮಕ್ಳಿಗಂತೂ ಅಲ್ಲಿ ಇರಲಿಕ್ಕೆ ಒಪ್ಪಿಗೀನ ಇರಲಿಲ್ಲ.

1817ರಾಗ ಅಲ್ಲಿ ಮುಖ್ಯಸ್ಥ ಆಗಿ ಬಂದ ಯಾನ್ ಕಾಕ್ ಬ್ಲಾಮ್‌ಹಾಫ್ ಅನ್ನಾಂವ ಹೆಂಡತಿ ತಿತ್ಸಿಯಾನ್ನ, ಎಳೇ ಮಗನ್ನ, ಕೂಸಿನ ಆಯಾನ್ನ ಕರಕೊಂಡು ಬಂದ. ಅಕಿ ಅಷ್ಟು ದೂರ ಹಡಗಿನ್ಯಾಗ ಕೂಸು ಕಟ್ಟಿಕೊಂಡು ಬಂದಾಕಿ. ಶೋಗನ್‌ರ ಕಡಿಂದ ಒಪ್ಪಿಗಿ ಸಿಗಲಿಲ್ಲ. ನಾಕಾರು ತಿಂಗಳೊಳಗ ತಾಯಿ, ಕೂಸು, ಆಯಾ ಮೂವರನ್ನೂ ಹಡಗಿನ್ಯಾಗ ವಾಪಸ್ ಕಳಿಸಿದ್ರು. ಗಂಡ 1823ರ ತನಕ ಅಲ್ಲೇ ಉಳದ. ತಿತ್ಸಿಯಾ 1821ರಾಗ ತೀರಿಕೊಂಡ್ಲು. ಗಂಡಾ ಹೆಂಡತಿ ಮತ್ತ ಭೆಟ್ಟಿ ಆಗಲೇ ಇಲ್ಲ. ಆದ್ರ ಒಂದು ವಿಚಿತ್ರ ನೋಡ್ರಿ, ಆ ನಾಕು ದಿನದಾಗ ಅಕಿನ್ನ ನೋಡಿದ ಜಪಾನಿ ಕಲಾವಿದರು ಅಕಿ ಚಿತ್ರ ಬರದ್ರು. ಆ ಚಿತ್ರ ಊರೂರು ಹಬ್ಬಿದ್ವು, ಅಕಿ ರೂಪದ ಗೊಂಬಿ ಸುದ್ದಾ ಆದ್ವು. ಅಕಿನ್ನ ಇಟ್ಟಕೊಳ್ಳಲಿಲ್ಲ, ಅಕಿ ಚಿತ್ರ ಮಾತ್ರ ಇಟ್ಟಕೊಂಡ್ರು.

1853ರಾಗ ಅಮೆರಿಕಾದ ಪೆರಿ ಅನ್ನೋ ನೌಕಾ ಅಧಿಕಾರಿ ಹೊಗಿ ಉಗುಳೋ ಹಡಗು ತಂದು ನಿಲ್ಲಿಸಿದ. ಬಾಗಲಾ ತಗೀರಿ ಅಂತ ಧಮಕಿ ಹಾಕಿದಂಗನ. ಮುಂದ 1859ರಾಗ ಯೋಕೊಹಾಮಾ ಬಂದರು, 1868ರಾಗ ಕೋಬೆ ಬಂದರು ಹೊರಗಿನವರಿಗೆ ತಗದ್ವು. 1868ರಾಗನ ಮೇಜಿ ಚಕ್ರವರ್ತಿ ಆಳ್ವಿಕಿ ಶುರು ಆತು. ಆಗ ಜಪಾನದವರು ಒಂದು ಶ್ಯಾಣ್ಯಾತನದ ಕೆಲಸ ಮಾಡಿದ್ರು. ರೇಲ್ವೆ, ಸಾಲಿ, ದವಾಖಾನಿ, ಕಾರಖಾನಿ ಎಲ್ಲಾ ಕಲಿಸಲಿಕ್ಕೆ ಹೊರದೇಶದಿಂದ ಶ್ಯಾಣ್ಯಾ ಮಂದಿನ್ನ ಭಾಳ ಪಗಾರ ಕೊಟ್ಟು ಕರಸಿಕೊಂಡ್ರು. ಕೆಲಸ ಕಲತ ಮ್ಯಾಲೆ ಅವರಿಗೆ ನಮಸ್ಕಾರ ಮಾಡಿ ಕಳಿಸಿದ್ರು. ಜಪಾನಕ್ಕ ಹೋಗಿ ದುಡಿಯೂದು ಅನ್ನೂದು ಆವಾಗಿಂದ ಶುರು.

ಇದರೊಳಗ ನಮ್ಮಂಥವರಿಗೆ ತಿಳಿಯೋ ಕಥಿ ಅಂದ್ರ ತೊಮಿಯೊಕಾ ರೇಷ್ಮಿ ಗಿರಣಿದು. ಪಾಲ್ ಬ್ರುನಾ ಅನ್ನೋ ಫ್ರೆಂಚ್ ಮನುಷ್ಯಾನ ಕೈಯಾಗ 1872ರಾಗ ಸರಕಾರದವರು ಅಲ್ಲೆ ದೊಡ್ಡ ಗಿರಣಿ ಶುರು ಮಾಡಿದ್ರು. ನೂಲು ತಗಿಯೋ ಬೋಗುಣಿ 300 ಇದ್ವು. ಕಲಿಸಲಿಕ್ಕೆ ಫ್ರಾನ್ಸಿನಿಂದ ಹೆಣ್ಮಕ್ಳೂ ಬಂದಿದ್ರು. ಎಲ್ಲಾ ತಯಾರ, ಆದ್ರ ಕೆಲಸಕ್ಕ ಜಪಾನಿ ಹುಡುಗ್ಯಾರ ಒಬ್ರೂ ಬರವಲ್ರು! ಯಾಕಂದ್ರ ಫ್ರೆಂಚರು ಊಟದಾಗ ಕೆಂಪು ದ್ರಾಕ್ಷಿ ಮದ್ಯ ಕುಡಿಯೂದು ಮಂದಿ ನೋಡಿದ್ರು. "ಅದು ರಕ್ತ, ಅಲ್ಲಿ ಹೋದ ಹುಡುಗ್ಯಾರ ರಕ್ತ ಹೀರ್ತಾರ" ಅಂತ ಸುದ್ದಿ ಹಬ್ಬಿತ್ತು. ಗಿರಣಿ ನೋಡ್ಕೊಳ್ಳೋ ಒದಾಕಾ ಅತ್ಸುತಾದಾ ಅನ್ನೋರು ಎಷ್ಟು ಹೇಳಿದ್ರೂ ಯಾರೂ ನಂಬಲಿಲ್ಲ. ಕಡೀಕ ಅವರು ತಮ್ಮ ಸ್ವಂತ ಮಗಳು ಯೂ, 13-14 ವರ್ಷದಾಕಿನ್ನ, ಎಲ್ಲಾರಿಗಿಂತ ಮೊದಲು ಕೆಲಸಕ್ಕ ಹಚ್ಚಿದ್ರು. ಅಕಿನ್ನ ನೋಡಿ ಉಳಿದವರು ಬಂದ್ರು. ಅಲ್ಲಿ ಕಲತ ಹುಡುಗ್ಯಾರ ಆಮ್ಯಾಲೆ ತಮ್ಮ ತಮ್ಮ ಊರಿಗೆ ಹೋಗಿ ಬ್ಯಾರೆ ಗಿರಣಿಯೊಳಗ ಕಲಿಸೋ ಬಾಯಾರ ಆದ್ರು. 2014ರಾಗ ಆ ಗಿರಣಿಗೆ ಯುನೆಸ್ಕೋ ವಿಶ್ವ ಪರಂಪರೆ ಅನ್ನೋ ಮಾನ ಸಿಕ್ಕದ.

ಹೊರಗಿನವರು ಅಂದ್ರ ಹೆದರಿಕಿ ಅವರಿಗೂ ಇತ್ತು ಅಂತ ತಂಗಿಗೆ ಹೇಳಿದೆ. ಅಕಿ, "ಆ ಅಪ್ಪಗ ಎದಿ ಎಷ್ಟು ಗಟ್ಟಿ ಇತ್ತಕ್ಕಾ" ಅಂದ್ಲು. ಆ ಅವ್ವಗ ಹೆಂಗಾಗಿತ್ತೋ ಏನೋ, ಅದನ್ನ ಯಾರೂ ಬರದಿಟ್ಟಿಲ್ಲ.

ಈ ರೇಷ್ಮಿ ದಾರ ನಮ್ಮ ಕರ್ನಾಟಕಕ್ಕೂ ಬಂದು ಮುಟ್ಟೇದ. ಜಮ್ಶೆಟ್‌ಜಿ ಟಾಟಾ ಅವರು ಜಪಾನಿ ಪದ್ಧತಿ ನಮ್ಮಲ್ಲಿ ಬರಲಿ ಅಂತ, ಅಲ್ಲಿಂದ ತಿಳಿದವರನ್ನ ಕರಿಸಿ ಬೆಂಗಳೂರಿನ್ಯಾಗ ರೇಷ್ಮಿ ಫಾರ್ಮ್ ಮಾಡಿಸಿದ್ರು. ಬಸವನಗುಡಿ ಕಡೆ ಆ ಜಾಗಾಕ್ಕ ಟಾಟಾ ಸಿಲ್ಕ್ ಫಾರ್ಮ್ ಅನ್ನೋ ಹೆಸರು ಈಗೂ ಅದ. ನಮ್ಮ ಸರ್ ಎಂ. ವಿಶ್ವೇಶ್ವರಯ್ಯನವರೂ 1898ರಾಗ ಜಪಾನಕ್ಕ ಹೋಗಿ ನೋಡಿ ಬಂದಿದ್ರು. ಅಂದ್ರ ಹೋಗಿ ಬರೋ ಹಾದಿ ಇವತ್ತಿಂದಲ್ಲ.

ಇನ್ನ ಹೋಗಿ ಅಲ್ಲೇ ಮನಿ ಮಾಡಿದವರ ಮಾತು. ಲಾಫ್ಕಾಡಿಯೊ ಹರ್ನ್ ಅಂತ ಒಬ್ಬಾಂವ. ತಾಯಿ ಗ್ರೀಕ್, ತಂದಿ ಐರ್ಲೆಂಡದಾಂವ. ಸಣ್ಣವ ಇದ್ದಾಗನ ತಂದಿ ತಾಯಿ ಬ್ಯಾರೆ ಆಗಿ, ಇಂವ ಯಾರ್ಯಾರದೋ ಮನ್ಯಾಗ ಬೆಳದ. ಎಡಗಣ್ಣು ಕಾಣತಿರಲಿಲ್ಲ. ಅಮೆರಿಕಾದಾಗ ಪತ್ರಿಕಾದಾಗ ಬರಕೋತ ಇದ್ದಾಂವ 1890ರಾಗ ಜಪಾನಕ್ಕ ಬಂದ. ಮಾತ್ಸುಎ ಅನ್ನೋ ಊರಿನ ಸಾಲ್ಯಾಗ ಇಂಗ್ಲಿಷ್ ಮಾಸ್ತರ ಆದ. ಅವನ ಮನಿ ಕೆಲಸಕ್ಕ ಅಂತ ಬಂದಾಕಿ ಕೊಯಿಜುಮಿ ಸೆತ್ಸು. ಅಕಿದು ಸಾಮುರಾಯಿ ಮನೆತನ. ಹೊಸಾ ರಾಜ್ಯ ಬಂದ ಮ್ಯಾಲೆ ಆ ಮನೆತನಗಳ ಉಂಬಳಿ ಹೋಗಿ ಬಡವರಾಗಿದ್ರು. ಅಕಿ ಮೊದಲನೇ ಗಂಡ ಬಿಟ್ಟು ಹೋಗಿದ್ದ. ಇಬ್ರೂ ಕಷ್ಟ ಉಂಡವರು, ಒಬ್ಬರಿಗೊಬ್ಬರು ಕೂಡಿದ್ರು.

ಇವರ ಸಂಸಾರದಾಗ ನನಗ ಭಾಳ ಸೇರಿದ್ದು ಭಾಷಾದ ಮಾತು. ಅವಗ ಜಪಾನಿ ಪೂರ್ತಿ ಬರಲಿಲ್ಲ, ಅಕಿಗೆ ಇಂಗ್ಲಿಷ್ ಬರಲಿಲ್ಲ. ಹಿಂಗಾಗಿ ಇಬ್ರೂ ಕೂಡಿ ವ್ಯಾಕರಣ ಬಿಟ್ಟ ಒಂದು ಮುರುಕು ಜಪಾನಿ ಮಾಡ್ಕೊಂಡ್ರು. ಮನ್ಯಾಗ ಅದಕ್ಕ ಹರ್ನ್ ಸಾಹೇಬರ ಭಾಷಾ ಅಂತನ ಹೆಸರು. ಅಕಿ ಇಂಗ್ಲಿಷ್ ಶಬ್ದ ತನ್ನ ಲಿಪಿಯೊಳಗ ಬರಕೊಂಡು ಕಲಿತಿದ್ದ ವಹಿ ಇನ್ನೂ ಉಳದಾವ. ರಾತ್ರಿ ದೀಪ ಸಣ್ಣ ಮಾಡಿ ಸೆತ್ಸು ಹಳೇ ದೆವ್ವದ ಕಥಿ ಹೇಳ್ತಿದ್ಲು. ಪುಸ್ತಕ ನೋಡಿ ಓದಬ್ಯಾಡ, ನಿನ್ನ ಮಾತಿನ್ಯಾಗ ಹೇಳು ಅಂತಿದ್ನಂತ ಅಂವ. ಹಂಗ ಕೇಳಿ ಬರದ ಪುಸ್ತಕ 'ಕ್ವೈದಾನ್' 1904ರಾಗ ಬಂತು, ಜಗತ್ತೆಲ್ಲಾ ಓದಿತು. ಪುಸ್ತಕದ ಮ್ಯಾಲೆ ಹೆಸರು ಅವಂದು, ಕಥಿ ಹೇಳಿದ ದನಿ ಅಕಿದು.

1896ರಾಗ ಅಂವ ಜಪಾನದ ಪ್ರಜಾ ಆಗಿ ಹೆಂಡತಿ ಮನೆತನದ ಹೆಸರು ಇಟ್ಟುಕೊಂಡ, ಕೊಯಿಜುಮಿ ಯಾಕುಮೊ ಅಂತ. ತಾ ಸತ್ತ ಮ್ಯಾಲೆ ಹೆಂಡತಿ ಮಕ್ಕಳಿಗೆ ಆಸ್ತಿ ಸರಳ ಸಿಗಲಿ ಅನ್ನೂದು ಅದರ ಹಿಂದಿನ ಮುಖ್ಯ ವಿಚಾರ. ಅದ ವರ್ಷ ಟೋಕಿಯೋ ವಿಶ್ವವಿದ್ಯಾಲಯದಾಗ ನೌಕರಿ ಸಿಕ್ಕಿತು, 1903ರಾಗ ಅದು ಹೋತು. 1904ರಾಗ ಅಂವನೂ ತೀರಿಕೊಂಡ. ನಾಕು ಮಕ್ಕಳನ್ನ ಸೆತ್ಸು ಬೆಳಸಿದ್ಲು. ಹೆಸರು ಬದಲಾಯಿಸಿ, ಪ್ರಜಾ ಆಗಿ, ಮಕ್ಕಳ ತಂದಿ ಆದ್ರೂ ಅಂವ ಅಲ್ಲಿಯವರ ಕಣ್ಣಿಗೆ ಹೊರಗಿನಾಂವನ ಆಗಿ ಕಾಣಿಸಿದ್ದು ಖರೆ. ನಾವು ಸೊಸಿ ಆಗಿ ಬಂದವರಿಗೆ ಇದು ತಿಳೀತದ. ಹೆಸರು, ಅಡ್ಡಹೆಸರು ಎರಡೂ ಬದಲಾಗಿ ಮೂವತ್ತು ವರ್ಷ ಆದ ಮ್ಯಾಲೂ ಮಾತಿಗೊಮ್ಮೆ "ನಿಮ್ಮ ಮನಿ ಕಡೆ ಹಿಂಗ ಮಾಡ್ತಿದ್ರೇನು?" ಅಂತಾರಲ್ಲ, ಹಂಗ.

ಇನ್ನ ನಮ್ಮ ದೇಶದ ಹೆಣ್ಮಗಳ ಕಥಿ. ಢಾಕಾದ ಬ್ರಹ್ಮ ಸಮಾಜದ ಮನಿ ಮಗಳು ಹರಿಪ್ರಭಾ. ಅಲ್ಲೆ ಸಾಬೂನು ಕಾರಖಾನಿಯೊಳಗ ಕೆಲಸ ಮಾಡಲಿಕ್ಕೆ ಬಂದಿದ್ದ ಉಎಮೊನ್ ತಾಕೆದಾ ಅನ್ನೋ ಜಪಾನಿ ಮನುಷ್ಯಾನ್ನ ಲಗ್ನ ಆದ್ಲು. 1912ರ ನವೆಂಬರದಾಗ ಗಂಡನ ಜೋಡಿ ಹಡಗು ಹತ್ತಿ ಅತ್ತಿಮನಿ ನೋಡಲಿಕ್ಕೆ ಹೊಂಟ್ಲು. ವಿಚಾರ ಮಾಡ್ರಿ, ಆ ಕಾಲದಾಗ ನಮ್ಮಜ್ಜಿಯಂದ್ರು ಮನಿ ಪಡಸಾಲಿ ದಾಟಿ ಕಟ್ಟಿಗೆ ಬರೂದೂ ಕಷ್ಟ ಇತ್ತು. ನಾಗೋಯಾ ಕಡೆ ಹಳ್ಳಿಯೊಳಗ ಅವರ ಮನಿ. ನಾಕು ತಿಂಗಳು ಇದ್ದು ಬಂದು, ನೋಡಿದ್ದನ್ನೆಲ್ಲಾ ಬಂಗಾಲಿಯೊಳಗ ಬರದ್ಲು. 1915ರಾಗ ಅದು ಪುಸ್ತಕ ಆತು. ಹೆಸರು 'ಬಂಗಮಹಿಳಾರ್ ಜಪಾನ್ ಯಾತ್ರಾ'. ಮುಂದ ಮಹಾಯುದ್ಧ ಹತ್ತಿದಾಗ ಮತ್ತ ಜಪಾನದಾಗ ಇದ್ಲು. ಗಂಡನ ಪ್ರಕೃತಿ ಸರಿ ಇರಲಿಲ್ಲ, ಮನಿ ನಡಿಬೇಕಿತ್ತು. ಆಜಾದ್ ಹಿಂದ್ ರೇಡಿಯೋದಾಗ ಬಂಗಾಲಿ ಸುದ್ದಿ ಓದೋ ಕೆಲಸ ಹಿಡದ್ಲು. ಟೋಕಿಯೋ ಮ್ಯಾಲೆ ಬಾಂಬು ಬೀಳೋ ಕಾಲದಾಗ ರಾತ್ರಿ ತಲಿಗೆ ಹೆಲ್ಮೆಟ್ ಹಾಕ್ಕೊಂಡು ರೇಡಿಯೋ ಕೇಂದ್ರಕ್ಕ ಹೋಗಿ ಬರ್ತಿದ್ಲು. ನಾ ಇದನ್ನ ಓದಿ ಪುಸ್ತಕ ಮುಚ್ಚಿ ಎರಡು ನಿಮಿಷ ಸುಮ್ಮನ ಕೂತೆ.

ಇಷ್ಟೊತ್ತಿಗೆ ನಮ್ಮ ಸಿಂಧಿ ವ್ಯಾಪಾರಸ್ಥರೂ ಯೋಕೊಹಾಮಾದಾಗ ಅಂಗಡಿ ಇಟ್ಟಿದ್ರು. ಸಿಂಧದ ಹೈದರಾಬಾದಿನವರು ಭಾಳ. ಜಪಾನದ ರೇಷ್ಮಿ ಬಟ್ಟಿ ಕೊಂಡು ಊರೂರಿಗೆ ಕಳಿಸೋ ವ್ಯಾಪಾರ. 1923ರ ಸೆಪ್ಟೆಂಬರ್ 1, ಮಧ್ಯಾಹ್ನ 11 ಗಂಟಿ 58 ನಿಮಿಷಕ್ಕ ದೊಡ್ಡ ಭೂಕಂಪ ಆತು. ಊಟದ ಹೊತ್ತು ನೋಡ್ರಿ, ಮನಿಮನಿಯೊಳಗ ಇದ್ದಲಿ ಒಲಿ ಹೊತ್ತಿದ್ವು. ಕಟಿಗಿ ಮನಿ, ಮ್ಯಾಲೆ ಜೋರು ಗಾಳಿ. ಬಿದ್ದ ಮನಿಗಿಂತ ಸುಟ್ಟ ಮನಿ ಜಾಸ್ತಿ. ಟೋಕಿಯೋ, ಯೋಕೊಹಾಮಾ ಎಲ್ಲಾ ಸೇರಿ ಸುಮಾರು 1,05,000 ಮಂದಿ ಸತ್ರು. ನಮ್ಮ ದೇಶದವರೂ ಅದರಾಗ ಇದ್ರು. ಉಳಿದವರಿಗೆ ಯೋಕೊಹಾಮಾ ಮಂದಿ ಆಸರಾ ಕೊಟ್ರು. ವ್ಯಾಪಾರಸ್ಥರು ಕೋಬೆ ಕಡೆ ಹೋಗಿಬಿಟ್ಟಾಗ, ತಿರುಗಿ ಬರ್ರಿ ಅಂತ ಅವರ ಸಲುವಾಗಿ ಮನಿ ಅಂಗಡಿ ಕಟ್ಟಿಸಿಕೊಟ್ರು. ಆ ಉಪಕಾರ ನೆನಸಿ ನಮ್ಮವರು 1930ರ ದಶಕದ ಕಡೀಕ ಯಾಮಾಶಿತಾ ಉದ್ಯಾನದಾಗ ಗುಮ್ಮಟದ ಒಂದು ನೀರಿನ ಕಟ್ಟಿ ಕಟ್ಟಿಸಿ ಊರಿಗೆ ಕೊಟ್ಟಾರ. ಆ ಉದ್ಯಾನದ ನೆಲಾನ ಭೂಕಂಪದಾಗ ಬಿದ್ದ ಮನಿಗಳ ಕಲ್ಲು ಮಣ್ಣು ತುಂಬಿ ಮಾಡಿದ್ದು.

ಆದ್ರ ಅದ ಭೂಕಂಪದ ಇನ್ನೊಂದು ಮಗ್ಗಲನ್ನೂ ತಂಗಿ ಮುಂದ ಮುಚ್ಚಿಡಲಿಲ್ಲ, ನಿಮ್ಮ ಮುಂದೂ ಮುಚ್ಚಿಡೂದಿಲ್ಲ. ಕೊರಿಯಾದವರು ಬಾವಿಗೆ ವಿಷ ಹಾಕ್ಯಾರ, ಬೆಂಕಿ ಹಚ್ಯಾರ ಅಂತ ಸುಳ್ಳು ಸುದ್ದಿ ಎದ್ದಿತು. ದುಡಿಲಿಕ್ಕೆ ಬಂದಿದ್ದ ಕೊರಿಯಾದ ಬಡವರನ್ನ ಹುಡುಕಿ ಹುಡುಕಿ ಸಾವಿರಗಟ್ಟಲೆ ಕೊಂದ್ರು. ಅದ ಊರು, ಅದ ವಾರ, ಒಬ್ಬರಿಗೆ ಆಸರಾ, ಇನ್ನೊಬ್ಬರಿಗೆ ಕತ್ತಿ. ಹೊರಗಿನವರಾಗಿ ಇರೂದು ಅಂದ್ರ ಇದ. ಎಲ್ಲಾ ಛಲೋ ಇದ್ದಾಗ ಛಲೋ. ಕೆಟ್ಟ ದಿನ ಬಂದ್ರ ಬಾಜೂ ಮನಿಯವರು ನಿನ್ನ ಹೆಸರು, ಮುಖ ಬಲ್ಲವರಿರಬೇಕು. ಅದಕ್ಕ ಹುಡುಗಿಗೆ ನಾ ಹೇಳಿದ ಮೊದಲ ಮಾತು: ಹೋದ ಕೂಡ್ಲೆ ಬಾಜೂ ಮನಿಯವರಿಗೆ ನಮಸ್ಕಾರ ಹೇಳಿ ಗುರ್ತಾ ಮಾಡ್ಕೋ.

ಎಲ್ಲಾಕ್ಕಿಂತ ದೊಡ್ಡ ಕಥಿ ರಾಸಬಿಹಾರಿ ಬೋಸ್ ಅವರದು. 1912ರಾಗ ದಿಲ್ಲಿಯೊಳಗ ವೈಸರಾಯ್ ಹಾರ್ಡಿಂಜ್ ಮ್ಯಾಲೆ ಬಾಂಬು ಹಾಕಿದ ಸಂಚಿನ ಹಿಂದಿದ್ದವರು ಅವರು. ಪೋಲಿಸ್ರ ಕೈಗೆ ಸಿಗದ 1915ರಾಗ, ತಾ ರವೀಂದ್ರನಾಥ ಠಾಕೂರರ ಸಂಬಂಧಿಕ ಅಂತ ಬ್ಯಾರೆ ಹೆಸರು ಹೇಳಿ ಜಪಾನಕ್ಕ ಬಂದ್ರು. ಇಂಗ್ಲಿಷರಿಗೆ ಗೊತ್ತಾಗಿ, ಇವರನ್ನ ದೇಶ ಬಿಡಸ್ರಿ ಅಂತ ಜಪಾನ ಸರಕಾರಕ್ಕ ಒತ್ತಾಯ ಮಾಡಿದ್ರು. ಹುಕುಂ ಆತು. ಆಗ ಟೋಕಿಯೋದ ಶಿಂಜುಕುದಾಗ ನಾಕಾಮುರಾಯಾ ಅನ್ನೋ ಬ್ರೆಡ್ಡಿನ ಅಂಗಡಿ ಗಂಡಾ ಹೆಂಡತಿ, ಸೋಮಾ ಐಜೊ ಮತ್ತ ಸೋಮಾ ಕೊಕ್ಕೊ, ತಮ್ಮ ಅಂಗಡಿ ಹಿಂದಿನ ಖೋಲಿಯೊಳಗ ಇವರನ್ನ ಮುಚ್ಚಿಟ್ರು. ಅಂಗಡ್ಯಾಗ ಕೆಲಸದವರು ಅಷ್ಟು ಮಂದಿ ಇದ್ರು. ಅವರಿಗೆಲ್ಲಾ ಖರೆ ವಿಷಯ ಹೇಳಿ, ಬಾಯಿ ಬಿಡಬ್ಯಾಡ್ರಿ ಅಂತ ಕೇಳ್ಕೊಂಡ್ರು. ಒಬ್ರೂ ಬಾಯಿ ಬಿಡಲಿಲ್ಲ. ಕೊಕ್ಕೊ ಅವರಿಗೆ ಇಂಗ್ಲಿಷ್ ಬರ್ತಿತ್ತು, ಹಿಂಗಾಗಿ ಎಲ್ಲಾ ಮಾತುಕತಿ ಅವರ ಕಡೇನ.

ಮುಂದ ಸರಕಾರದ ಹುಕುಂ ಸಡ್ಲಾದ್ರೂ ಬೇಹುಗಾರರು ಬೆನ್ನು ಬಿಡಲಿಲ್ಲ. ಇವರನ್ನ ಕಾಯಲಿಕ್ಕೆ, ಮಾತಾಡಲಿಕ್ಕೆ ಒಬ್ರು ಮನಿಯವರು ಬೇಕು ಅಂತ ಹಿರಿಯರು ವಿಚಾರ ಮಾಡಿ, ಕೊಕ್ಕೊ ಅವರ ಹಿರೇ ಮಗಳು ತೋಶಿಕೊನ್ನ ಕೇಳಿದ್ರು. ಹುಡುಗಿ ಸ್ವಲ್ಪ ದಿನ ವಿಚಾರ ಮಾಡಿ ಹೂಂ ಅಂದ್ಲು. 1918ರಾಗ ಗುಪ್ತ ಲಗ್ನ. ಆಮ್ಯಾಲಿನ ವರ್ಷಗಳಾಗ ಮನಿ ಬದಲಾಯಿಸೂದ ಬದಲಾಯಿಸೂದು. ಎರಡು ಮಕ್ಕಳಾದ್ವು. 1923ರಾಗ ಬೋಸ್ ಅವರಿಗೆ ಜಪಾನದ ಪ್ರಜಾಹಕ್ಕು ಸಿಕ್ಕು ಬಯಲಿಗೆ ಬಂದು ಉಸಿರಾಡಿದ್ರು. 1925ರಾಗ ತೋಶಿಕೊ ತೀರಿಕೊಂಡ್ಲು. ಇನ್ನೂ ಮೂವತ್ತು ತುಂಬಿರಲಿಲ್ಲ.

1927ರಾಗ ನಾಕಾಮುರಾಯಾದವರು ಕೂತು ತಿನ್ನೋ ಹೋಟೆಲ್ ತಗದ್ರು. ಬೋಸ್ ಅವರು ತಮ್ಮ ಮನಿ ಪದ್ಧತಿ ಸಾರು ಅಲ್ಲೆ ಮಾಡಿಸಿದ್ರು. ಅಲ್ಲಿ ತನಕ ಜಪಾನದಾಗ ಕರಿ ಅಂದ್ರ ಇಂಗ್ಲಿಷರಿಂದ ಬಂದ, ಹಿಟ್ಟು ಹಾಕಿ ಗಟ್ಟಿ ಮಾಡಿದ ಪದಾರ್ಥ. ಇವರಿಗೆ ಅದು ಸೇರಲಿಲ್ಲ. ಮಸಾಲಿ ಹುರದು, ಎಲುಬು ಸಮೇತ ಕೋಳಿ ಹಾಕಿ ಮಾಡಿದ ಇವರ ಕರಿಗೆ 80 ಸೆನ್ ಬೆಲೆ. ಬ್ಯಾರೆ ಕಡೆ 10-12 ಸೆನ್‌ಗೆ ಸಿಗ್ತಿತ್ತು. ಮೊದಲ ಮಂದಿಗೆ ಆ ವಾಸನಿ, ಆ ಎಲುಬು ಹಿಡಸಲಿಲ್ಲ. ಆಮ್ಯಾಲೆ ಹಿಡಿಸಿ, ಅದು ಊರಿಗೇ ಹೆಸರಾತು. ಇವತ್ತಿಗೂ ಶಿಂಜುಕುದ ಆ ಅಂಗಡ್ಯಾಗ ಅದು ಸಿಗ್ತದ. ಬೋಸ್ ಅವರು 1945ರ ಜನವರಿಯೊಳಗ, ಸ್ವಾತಂತ್ರ್ಯ ನೋಡದನ ಹೋದ್ರು. ಅದ ವರ್ಷ ಮಗ ಮಾಸಾಹಿದೆ ಓಕಿನಾವಾ ಯುದ್ಧದಾಗ ಸತ್ತ. ನಮ್ಮ ಸಾಲಿ ಪುಸ್ತಕದಾಗ ಬೋಸ್ ಅವರ ಹೆಸರು ಇತ್ತು. ತೋಶಿಕೊ ಹೆಸರು ನಾ ಐವತ್ತು ದಾಟಿದ ಮ್ಯಾಲೆ ಈಗ ಓದಿದೆ. ನಮ್ಮ ದೇಶದ ಮನುಷ್ಯಾನ್ನ ಕಾಯಲಿಕ್ಕೆ ತನ್ನ ಆಯುಷ್ಯಾ ಕೊಟ್ಟಾಕಿ ಅಕಿ.

ತಿರುವನಂತಪುರದ ಎ.ಎಂ. ನಾಯರ್ ಅನ್ನೋರೂ 1928ರಾಗ ಕ್ಯೋಟೋಕ್ಕ ಇಂಜಿನಿಯರಿಂಗ್ ಕಲಿಲಿಕ್ಕೆ ಹೋದವರು ಅಲ್ಲೇ ನಿಂತ್ರು. 1949ರಾಗ ಟೋಕಿಯೋದ ಗಿಂಜಾದಾಗ ಹೋಟೆಲ್ ತಗದ್ರು, ಅದೂ ಹೆಸರುವಾಸಿ. ಕಲಿತದ್ದು ಇಂಜಿನಿಯರಿಂಗ್, ಅನ್ನ ಕೊಟ್ಟದ್ದು ಅಡಗಿ. ಹೊರದೇಶಕ್ಕ ಹೊಂಟವರು ಅಡಗಿ ಕಲತು ಹೋಗಬೇಕು ಅಂತ ನಾ ಯಾವಾಗಲೂ ಹೇಳೂದು ಸುಳ್ಳಲ್ಲ.

ಇನ್ನ ಈಗಿನ ಮಾತು. 2000ದ ಸುಮಾರಿಗೆ ಕಂಪ್ಯೂಟರ್ ಕೆಲಸದ ಹುಡುಗ್ರು ಹೋದ್ರು, ಟೋಕಿಯೋದ ನಿಶಿ ಕಸಾಯಿ ಕಡೆ ನಮ್ಮ ದೇಶದವರ ಮನಿಗಳು ಹೆಚ್ಚಾದ್ವು. ಅಲ್ಲಿಂದ ಇಲ್ಲಿಗೂ ಬಂದಾರ. 1997ರಾಗ ಟೊಯೋಟಾ ಕಿರ್ಲೋಸ್ಕರ್ ಕಂಪನಿ ಶುರು ಆಗಿ, ಬಿಡದಿಯೊಳಗ ಕಾರಖಾನಿ ಬಂದ ಮ್ಯಾಲೆ ಜಪಾನಿ ಸಂಸಾರಗಳು ಬೆಂಗಳೂರಿನ್ಯಾಗ ಬಾಳೇವು ಮಾಡ್ಯಾವ. ಅಲ್ಲೆ ಈಗ ಮುದುಕರು ಜಾಸ್ತಿ. ಹತ್ತು ಮಂದಿಯೊಳಗ ಹೆಚ್ಚುಕಡಿಮಿ ಮೂವರು 65 ದಾಟಿದವರು. ದುಡಿಯೋ ಕೈ ಕಡಿಮಿ. ಅದಕ್ಕ 2019ರ ಏಪ್ರಿಲ್‌ದಿಂದ ಕುಶಲ ಕೆಲಸದವರಿಗೆ ಹೊಸಾ ವೀಸಾ ತಗದಾರ. ಆರೈಕಿ ಕೆಲಸ ಅದರಾಗ ಬರ್ತದ. ಭಾಷಾ ಪರೀಕ್ಷಾ, ಕೆಲಸದ ಪರೀಕ್ಷಾ ಎರಡೂ ಪಾಸ್ ಆಗಬೇಕು. ಐದು ವರ್ಷದ ತನಕ ಇರಬಹುದು, ಆದ್ರ ಮನಿಮಂದಿನ್ನ ಕರಕೊಂಡು ಹೋಗಲಿಕ್ಕೆ ಬರೂದಿಲ್ಲ. ಅಲ್ಲಿಯ ಆರೈಕಿ ಕೆಲಸದ ಸರಕಾರಿ ಪರೀಕ್ಷಾ ಪಾಸ್ ಆದ್ರ ಬ್ಯಾರೆ ವೀಸಾ ಸಿಗ್ತದ, ಮುಂದೂ ಇರಬಹುದು, ಸಂಸಾರಾನೂ ಕರಿಸ್ಕೋಬಹುದು. ಅಲ್ಲಿಯವರಿಗೆ ಅದ ಕೆಲಸಕ್ಕ ಎಷ್ಟು ಪಗಾರ ಕೊಡ್ತಾರೋ ಅದಕ್ಕ ಕಡಿಮಿ ಕೊಡಬಾರದು ಅಂತ ಕಾಯದೆ ಅದ.

ಇದಕ್ಕಿಂತ ಹಿಂದ 1993ರಿಂದ ಕೆಲಸ ಕಲಿಯೋ ತರಬೇತಿ ಅಂತ ಒಂದು ಯೋಜನಾ ಇತ್ತು. ಕಲಸ್ತೀವಿ ಅಂತ ಕರದು ಕಡಿಮಿ ಪಗಾರಕ್ಕ ದುಡಿಸಿದ್ರು, ದಲಾಲರ ಸಾಲ ತೀರಿಸೂದರಾಗ ಎಷ್ಟೋ ಹುಡುಗ್ರು ಹಣ್ಣಾದ್ರು ಅಂತ ಭಾಳ ದೂರು ಬಂದ್ವು. 2024ರಾಗ ಜಪಾನದವರು ಅದನ್ನ ತಗದು ಬ್ಯಾರೆ ಪದ್ಧತಿ ತರೋ ಕಾಯದೆ ಮಾಡ್ಯಾರ, 2027ರಿಂದ ಜಾರಿ ಬರಬೇಕು. ಇದನ್ನ ಓದಿದ ಮ್ಯಾಲೆ ನಾನು ನಮ್ಮ ಮನಿಯವರು ಕೂತು ಹುಡುಗಿ ಕಾಗದಪತ್ರ ಒಂದೊಂದ ಸಾಲು ಓದಿಸಿದ್ವಿ. ಯಾವ ವೀಸಾ, ಪಗಾರ ಎಷ್ಟು, ಖೋಲಿ ಬಾಡಗಿ ಎಷ್ಟು ಮುರಕೋತಾರ, ರಾತ್ರಿ ಪಾಳಿ ಎಷ್ಟು. ಮಧ್ಯದಾಗ ಒಬ್ಬಾಂವ ಠೇವಣಿ ಅಂತ ಎರಡು ಲಕ್ಷ ಕೇಳಿದ್ನಂತ. ಅದು ಯಾತರದು, ರಸೀದಿ ಕೊಡು ಅಂತ ನಮ್ಮ ಮನಿಯವರು ಕೇಳಿದ ಮ್ಯಾಲೆ ಆ ಮಾತ ಅಂವ ಎತ್ತಲಿಲ್ಲ. ನಿಮ್ಮ ಮನ್ಯಾಗೂ ಹಿಂಗ ಕೇಳಿದ್ರ ರಸೀದಿ ಕೇಳ್ರಿ.

ಅಲ್ಲಿಯ ಮನಿ ರೀತಿನೂ ಹುಡುಗಿ ಹೇಳಿದ್ಲು. ಮನಿ ಒಳಗ ಹೋಗೋಕಿಂತ ಮೊದಲು ಕೆಳಗಿನ ಮೆಟ್ಟಲದಾಗ ಚಪ್ಪಲಿ ಬಿಡಬೇಕು. ಇದು ನಮಗೇನು ಹೊಸದಲ್ಲ. ಕಸ ಮಾತ್ರ ಸುಡೋದು, ಸುಡಲಾರದ್ದು, ಬಾಟಲಿ, ಡಬ್ಬಿ ಬ್ಯಾರೆ ಬ್ಯಾರೆ ಮಾಡಿ, ಅದರದರ ದಿನಾನ ಹೊರಗ ಇಡಬೇಕು. ಮನಿ ಹಿಡದ 14 ದಿನದೊಳಗ ಪೌರ ಕಚೇರಿಗೆ ಹೋಗಿ ವಿಳಾಸ ಬರಸಬೇಕು.

ಕಡೀಕ ಎಲ್ಲಾರೂ ತಂಗಿ ಮನ್ಯಾಗ ಕೂಡಿದ್ವಿ. ಇಷ್ಟೆಲ್ಲಾ ಹೇಳಿದೆ. ಹಾಸಿಗಿ ಮ್ಯಾಲೆ ಮಲಗಿದ್ದ ಅವ್ವ ಎಲ್ಲಾ ಕೇಳಿ, "ಅಲ್ಲೆ ಮುದುಕರಿಗೆ ಮಕ್ಕಳಿಲ್ಲೇನ?" ಅಂದ್ಲು. ಹುಡುಗಿ ಹೇಳಿದ್ಲು, "ಇದ್ದಾರಜ್ಜಿ. ಎಲ್ಲಾರೂ ದುಡಿಲಿಕ್ಕೆ ಹೋಗ್ತಾರ. ಮೊದಲು ಅಲ್ಲೂ ಸೊಸೀನ ನೋಡ್ಕೋಬೇಕಿತ್ತಂತ. 2000ದಾಗ ಅದಕ್ಕೊಂದು ವಿಮಾ ಕಾಯದೆ ಜಾರಿಗೆ ಬಂದದ. 40 ವರ್ಷ ಆದವರೆಲ್ಲಾ ರೊಕ್ಕ ತುಂಬತಾರ, ಮುಪ್ಪಿನ್ಯಾಗ ಆರೈಕಿ ಸಿಗ್ತದ. ಅದಕ್ಕ ಕೈ ಬೇಕಾಗ್ಯಾವ."

ಅವ್ವ ಸುಮ್ಮನಾದ್ಲು. ನಾ ತಂಗಿ ಮುಖ ನೋಡಿದೆ, ತಂಗಿ ನನ್ನ ಮುಖ ನೋಡಿದ್ಲು. ಯಾಕಂದ್ರ ಇಬ್ರಿಗೂ ಅದ ಹೊಳದಿತ್ತು. ಅವ್ವನ್ನ ಎತ್ತಿ ಕೂಡಸೂದು ಮೊಮ್ಮಗಳ ಕೆಲಸ ಅಂತ ಯಾರೂ ಬರಕೊಟ್ಟಿರಲಿಲ್ಲ. ಅಕಿಗೆ ನರ್ಸಿಂಗ್ ಗೊತ್ತದ ಅಂತ ನಾವೆಲ್ಲಾ ಆರಾಮ ಅಕಿ ಮ್ಯಾಲೆ ಬಿಟ್ಟಿದ್ವಿ. ನಾ ದೊಡ್ಡ ಮಗಳು, ಇಲ್ಲೇ ಎರಡು ತಾಸಿನ ದಾರಿಯೊಳಗ ಇದ್ದೀನಿ, ಹಬ್ಬಕ್ಕೊಮ್ಮೆ ಬಂದು ಸೀರಿ ಕೊಟ್ಟು ಹೋಗಾಕಿ. ಜಪಾನದವರು ಕಾಯದೆ ಮಾಡಿ ರೊಕ್ಕ ಕೊಟ್ಟು ಮಾಡಸೋ ಕೆಲಸಾನ ನಾವು ಒಂದು ಹುಡುಗಿ ಕಡಿಂದ ಪುಕ್ಕಟೆ ಮಾಡಿಸಿ, ಅಕಿ ಹೊಂಟಾಗ ಅಜ್ಜಿನ್ನ ಬಿಟ್ಟು ಹೊಂಟಾಳ ಅಂತ ಅಳ್ತಿದ್ವಿ.

"ಹೋಗವಾ, ಹೋಗಿ ಬಾ" ಅಂದ್ಲು ಅವ್ವ. "ಆ ಮುದುಕ್ಯಾರಿಗೂ ನನ್ನ ಹಂಗ ಬೆನ್ನು ಹಿಡದ ಎಬ್ಬಸು, ಕೈ ಹಿಡದ ಎಳೀಬ್ಯಾಡ."

ಮುಂದಿನ ತಿಂಗಳು ಹುಡುಗಿ ಹೋಗ್ತಾಳ. ಚೀಲದಾಗ ಸಾರಿನ ಪುಡಿ, ಶೇಂಗಾ ಹಿಂಡಿ, ಒಂದು ಸಣ್ಣ ಒಗ್ಗರಣಿ ಸೌಟು ಇಟ್ಟೀವಿ. ಅವ್ವನ್ನ ನಾ ನಮ್ಮ ಮನಿಗೆ ಕರಕೊಂಡು ಬಂದೀನಿ. ಬೆನ್ನು ಹಿಡದು ಎಬ್ಬಸೂದು ಹೆಂಗ ಅಂತ ಹುಡುಗಿ ನನಗ ಮೂರು ಸರ್ತಿ ಮಾಡಿ ತೋರ್ಸಿ ಹೋಗ್ಯಾಳ. ಇನ್ನೂ ಸರಿ ಬಂದಿಲ್ಲ, ಕಲಿಲಿಕ್ಕೆ ಹತ್ತೀನಿ.